ಉಸಿರಿನ ಲೆಕ್ಕ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಹತ್ತನೇ ತರಗತಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿರಲಿಲ್ಲ. ಈ ವರ್ಷ ಅದನ್ನು ಮತ್ತೆ ತೆಗೆದದ್ದು ಅಬ್ಬಾನ ಕೆಮ್ಮಿನಿಂದಾಗಿ. ಅಬ್ಬಾ ಮರಗೆಲಸ ಮಾಡುತ್ತಾರೆ. ಮೂರು ತಿಂಗಳಾದರೂ ಕೆಮ್ಮು ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮ ಮನೆಯ ಉರ್ದುವಿನಲ್ಲಿ ಉಸಿರಿಗೆ ‘ದಮ್’ ಅನ್ನುತ್ತೇವೆ. ಕನ್ನಡದಲ್ಲೂ ‘ದಮ್ಮು ಕಟ್ಟಿತು’ ಅನ್ನುತ್ತಾರೆ. ಆ ಮಾತಿನ ಅರ್ಥ ನನಗೆ ಆಗ ತಿಳಿಯಿತು.

ಮೊದಲು ಗಾಳಿಯ ದಾರಿ ನೋಡೋಣ. ಮೂಗಿನ ಕೂದಲು ಮತ್ತು ಲೋಳೆ ದೂಳನ್ನು ತಡೆಯುತ್ತವೆ, ಮೂಗು ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ನಂತರ ಗಂಟಲು, ಧ್ವನಿಪೆಟ್ಟಿಗೆ, ಶ್ವಾಸನಾಳ. ಶ್ವಾಸನಾಳ ಎರಡಾಗಿ ಒಡೆದು ಶ್ವಾಸಕೋಶಗಳೊಳಗೆ ಮರದ ಕೊಂಬೆಗಳಂತೆ ಕವಲೊಡೆಯುತ್ತದೆ. ಕೊನೆಯಲ್ಲಿ ಗಾಳಿಗೂಡುಗಳಿವೆ. ಇವು ಕೋಟಿಗಟ್ಟಲೆ ಇವೆ. ಇವುಗಳ ತೆಳುವಾದ ಗೋಡೆಯ ಮೂಲಕ ಆಮ್ಲಜನಕ ರಕ್ತಕ್ಕೆ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ಕೆಳಗಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಇಳಿದು, ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ದೊಡ್ಡದಾಗಿ ಗಾಳಿ ಒಳಬರುತ್ತದೆ.

ಈಗ ನಮ್ಮ ವಿಭಾಗದ ಲೆಕ್ಕ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡಾ, ಹೊರಬರುವಾಗ ಸುಮಾರು 16. ನಿಮಿಷಕ್ಕೆ 15 ಉಸಿರು ಎಂದರೆ ದಿನಕ್ಕೆ 21,600. ಒಂದು ಉಸಿರಿಗೆ ಅರ್ಧ ಲೀಟರ್ ಎಂದರೆ 10,800 ಲೀಟರ್. ಅಂದರೆ 20 ಲೀಟರಿನ 540 ನೀರಿನ ಕ್ಯಾನ್‌ಗಳಷ್ಟು! ಕುಡಿಯುವ ನೀರನ್ನು ಸೋಸುತ್ತೇವೆ. ಇಷ್ಟೊಂದು ಗಾಳಿಯ ಬಗ್ಗೆ ಯೋಚಿಸುವುದೇ ಇಲ್ಲ.

ಗಾಳಿಯ ದಾರಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅವು ದೂಳು ಅಂಟಿದ ಲೋಳೆಯನ್ನು ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ. ಬೀಡಿ, ಸಿಗರೇಟಿನ ಹೊಗೆ ಈ ಪೊರಕೆಯನ್ನೇ ಹಾಳು ಮಾಡುತ್ತದೆ. ಮರದ ಸಣ್ಣ ದೂಳು ಕೆಲವರಲ್ಲಿ ಶ್ವಾಸನಾಳಗಳು ಊದಿ ಕಿರಿದಾಗುವಂತೆ ಮಾಡುತ್ತದೆ. ಅದೇ ಅಸ್ತಮಾ. ಸ್ಪೈರೋಮೀಟರ್ ಎಂಬ ಯಂತ್ರಕ್ಕೆ ಊದಿಸಿದ ಮೇಲೆ ಅಬ್ಬಾಗೆ ಇರುವುದು ಇದೇ ಎಂದು ವೈದ್ಯರು ಹೇಳಿದರು.

ಇನ್‌ಹೇಲರ್ ಚಟವಾಗುತ್ತದೆ ಎಂದು ನೆರೆಯವರು ಹೆದರಿಸಿದರು. ಅದು ತಪ್ಪು. ಅದರಿಂದ ಸ್ವಲ್ಪವೇ ಔಷಧಿ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಅಬ್ಬಾ ಕೆಲಸ ಬಿಡುವ ಹಾಗಿಲ್ಲ, ನನ್ನ ಫೀಸು ಅದರಿಂದಲೇ ಬರುವುದು. ಈಗ ಕರವಸ್ತ್ರದ ಬದಲು ಎನ್95 ಮಾಸ್ಕ್ ಹಾಕುತ್ತಾರೆ. ಒಣ ದೂಳು ಗುಡಿಸುವ ಮೊದಲು ನೀರು ಚಿಮುಕಿಸುತ್ತಾರೆ. ಮೊದಲು ಜೊತೆಯವರು ನಕ್ಕರು. ಈಗ ಅವರಲ್ಲಿ ಇಬ್ಬರು ಮಾಸ್ಕ್ ಹಾಕುತ್ತಿದ್ದಾರೆ.

ನಾವೂ ಕೆಲವು ಕೆಲಸ ಮಾಡಬಹುದು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು. ಅಡುಗೆ ಮಾಡುವಾಗ ಕಿಟಕಿ ತೆರೆದಿಡಬೇಕು. ದಿನವೂ ಸ್ವಲ್ಪ ನಡೆಯಬೇಕು ಅಥವಾ ಆಡಬೇಕು. ಇ-ಸಿಗರೇಟ್ ‘ಬರೀ ಆವಿ’ ಎಂದು ಗೆಳೆಯರು ಹೇಳಿದರೆ ನಂಬಬೇಡಿ. ಅದನ್ನು 2019ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ನಾವು ಮೂರು ತಿಂಗಳು ಕಾದೆವು. ನೀವು ಕಾಯಬೇಡಿ.

ಇವತ್ತು ಮನೆಗೆ ಹೋದಾಗ ಒಮ್ಮೆ ಕಿವಿಗೊಟ್ಟು ಕೇಳಿ, ಯಾರಾದರೂ ಬಹಳ ದಿನದಿಂದ ಕೆಮ್ಮುತ್ತಿದ್ದಾರೆಯೇ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ