ಕೊನೆಯವರು ಬರುವತನಕ

ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಇರಬೇಕಾದ ಸಂಘಗಳೆಲ್ಲ ಇದ್ದವು. ವಿಜ್ಞಾನ ಸಂಘ, ಸಾಹಿತ್ಯ ಸಂಘ, ಇಕೋ ಕ್ಲಬ್, ಶಾಲಾ ಸಂಸತ್ತು. ಆಫೀಸ್ ರೂಮಿನ ಗೋಡೆಯ ಮೇಲೆ ಪದಾಧಿಕಾರಿಗಳ ಹೆಸರನ್ನು ಪ್ರತಿ ಜೂನ್‌ನಲ್ಲಿ ಬಣ್ಣದಲ್ಲಿ ಬರೆಸುತ್ತಿದ್ದರು. ಇಕೋ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದವಳನ್ನು ಕೇಳಿದರೆ, ವಿಶ್ವ ಪರಿಸರ ದಿನದಂದು ಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಂಡದ್ದಷ್ಟೇ ನೆನಪು ಎನ್ನುತ್ತಾಳೆ. ಆ ಗಿಡವನ್ನು ಮುಂದಿನ ವಾರವೇ ದನ ತಿಂದಿತ್ತು. ನಾನು ಹೇಳಹೊರಟಿರುವುದು ಗೋಡೆಯ ಮೇಲೆ ಹೆಸರಿಲ್ಲದ ಇನ್ನೊಂದು ಸಂಘದ ಬಗ್ಗೆ. ಅದನ್ನು ನಾವು ‘ದಾರಿ ಗುಂಪು’ ಎನ್ನುತ್ತಿದ್ದೆವು.

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನ ಒಳಭಾಗದಲ್ಲಿದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವುದು ಇದೇ ತಾಲ್ಲೂಕಿನಲ್ಲಿ. ಏಳನೇ ತರಗತಿಯವರೆಗೆ ಊರಿನಲ್ಲೇ ಶಾಲೆ. ಎಂಟಕ್ಕೆ ನಾಲ್ಕು ಕಿಲೋಮೀಟರ್ ನಡೆಯಬೇಕು, ಮಧ್ಯೆ ಒಂದು ಹಳ್ಳ. ಹಳ್ಳಕ್ಕೆ ಅಡಿಕೆ ಮರದ ಸಂಕ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ. ಮುಂಗಾರಿಗೆ ಮೊದಲು ಊರಿನ ಗಂಡಸರು ಸೇರಿ ಹಳೆಯ ಮರ ತೆಗೆದು ಹೊಸದು ಹಾಕುತ್ತಿದ್ದರು. ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಅದರ ಮೇಲೂ ಹಾವಸೆ ಕಟ್ಟುತ್ತಿತ್ತು. ಕಾಲುಸಂಕದಿಂದ ಜಾರಿ ಬಿದ್ದ ಶಾಲಾ ಮಕ್ಕಳ ಸುದ್ದಿ ಮಲೆನಾಡು, ಕರಾವಳಿಯವರಿಗೆ ಹೊಸದೇನಲ್ಲ. ಎಂಟನೇ ತರಗತಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ ನಮ್ಮ ಕಡೆಯ ಮಕ್ಕಳ ಮನೆಗಳಲ್ಲಿ ಬೇಸಿಗೆಯಲ್ಲಿ ಮಾತ್ರ ಹೊರಬರುತ್ತಿತ್ತು. ಮಳೆಗಾಲದಲ್ಲಿ ಅದರ ಮೇಲೆ ಕಂಬಳಿ ಒಣಗುತ್ತಿತ್ತು.

2012ರಲ್ಲಿ ನಾನು ಏಳನೇ ತರಗತಿ ಮುಗಿಸಿದಾಗ, ಮುಂದೆ ಓದಿಸುವುದೋ ಬೇಡವೋ ಎಂದು ಮನೆಯಲ್ಲಿ ಮಾತಾಯಿತು. ಫೀಸಿನ ಚಿಂತೆ ಇರಲಿಲ್ಲ. ಬಿಸಿಯೂಟ, ಪಠ್ಯಪುಸ್ತಕ, ಸಮವಸ್ತ್ರ ಎಲ್ಲ ಇತ್ತು. ಅಜ್ಜಿಯದು ಒಂದೇ ಪ್ರಶ್ನೆ: ‘ಸಂಜೆ ಹೊಳೆ ಬಂದ್ರೆ ಈ ಹೆಣ್ಣು ಯಾರ ಜೊತೆ ಬರ್ತದೆ?’ ನನಗಿಂತ ಮೊದಲಿನ ಬ್ಯಾಚಿನಲ್ಲಿ ನಮ್ಮೂರಿನ ಇಬ್ಬರು ಹುಡುಗಿಯರು ಇದೇ ಪ್ರಶ್ನೆಗೆ ಉತ್ತರ ಸಿಗದೆ ಮನೆಯಲ್ಲಿ ಉಳಿದಿದ್ದರು.

ಆ ವರ್ಷ ಶಾಲೆಗೆ ಹೊಸದಾಗಿ ಬಂದಿದ್ದ ಪಿ.ಟಿ. ಸರ್ ಅಜ್ಜಿಯ ಪ್ರಶ್ನೆಯನ್ನು ಕೇಳಿದವರಲ್ಲ. ಆದರೆ ಶಾಲೆಯಲ್ಲಿದ್ದ ಗಾಂಧಿ, ನೆಹರೂ, ಟ್ಯಾಗೋರ್ ಎಂಬ ಬಣ್ಣದ ಹೌಸ್‌ಗಳನ್ನು ಕೈಬಿಟ್ಟು ಅವರು ಮಕ್ಕಳನ್ನು ಬರುವ ದಾರಿಯ ಪ್ರಕಾರ ಗುಂಪು ಮಾಡಿದರು. ಹಳ್ಳದ ಕಡೆ, ಗುಡ್ಡದ ಕಡೆ, ರಸ್ತೆ ಕಡೆ, ಕೆರೆ ಕಡೆ ಎಂದು ನಾಲ್ಕು. ಬೆಳಿಗ್ಗೆ ಪ್ರಾರ್ಥನೆಗೆ ತರಗತಿಯ ಪ್ರಕಾರ ಸಾಲು, ಸಂಜೆ ಜನಗಣಮನಕ್ಕೆ ದಾರಿಯ ಪ್ರಕಾರ. ಪ್ರತಿ ಗುಂಪಿಗೆ ಹತ್ತನೇ ತರಗತಿಯ ಒಬ್ಬರು ಮುಖ್ಯಸ್ಥರು, ಕೈಯಲ್ಲೊಂದು ನೂರು ಪುಟದ ನೋಟ್‌ಬುಕ್ಕು. ಹಳ್ಳದ ಕಡೆಯವರಾದ ನಾವು ಹದಿನೇಳು ಜನ.

ನಿಯಮಗಳು ಹೆಚ್ಚಿರಲಿಲ್ಲ. ಕೊನೆಯವರು ಬರುವತನಕ ಯಾರೂ ಹೊರಡುವಂತಿಲ್ಲ. ಸಂಕದ ಮೇಲೆ ಒಂದು ಸಲಕ್ಕೆ ಒಬ್ಬರೇ, ಮೊದಲು ಒಬ್ಬ ದೊಡ್ಡವರು ದಾಟಿ ಆಚೆ ನಿಲ್ಲಬೇಕು, ಕೊನೆಗೆ ಇನ್ನೊಬ್ಬ ದೊಡ್ಡವರು. ಹಳ್ಳದ ಬದಿಯ ಬಂಡೆಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದೆವು. ನೀರು ಗೆರೆ ಮುಟ್ಟಿದರೆ ಚರ್ಚೆ ಇಲ್ಲ, ವಾಪಸು. ಈಚೆ ದಡದ ಒಂದು ಮನೆಯವರು ಅಂಥ ದಿನ ನಮ್ಮೆಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಬಿಸಿ ಕಷಾಯ ಕೊಡುತ್ತಿದ್ದರು, ಮನೆಗಳಿಗೆ ಫೋನ್ ಮಾಡುತ್ತಿದ್ದರು. ಕಾಲಿಗೆ ಹತ್ತಿದ ಉಂಬಳ ಕೀಳುತ್ತ, ನೀರು ಇಳಿಯುವುದನ್ನೇ ನೋಡುತ್ತ ಕೂರುವುದು. ಮಳೆಗೆ ಶಾಲೆಗಳಿಗೆ ರಜೆ ಎಂಬ ಘೋಷಣೆ ಬರುವ ಹೊತ್ತಿಗೆ ನಾವು ಎಷ್ಟೋ ಸಲ ಅರ್ಧ ದಾರಿ ನಡೆದಾಗಿರುತ್ತಿತ್ತು. ಅದಕ್ಕೆ ನಮಗೆ ಬೇಸರವೇನೂ ಇರಲಿಲ್ಲ. ಶಾಲೆಗೆ ಹೋಗಿ ರಜೆ ಸಿಕ್ಕ ಸುಖವೇ ಬೇರೆ.

ಗುಂಪು ಕಟ್ಟಿದ್ದು ಸುರಕ್ಷತೆಗೆ. ಆದರೆ ‘ಕೊನೆಯವರು ಬರುವತನಕ’ ಎಂಬ ನಿಯಮ ಮೆಲ್ಲಗೆ ಶಾಲೆಯ ಉಳಿದ ಚಟುವಟಿಕೆಗಳ ರೂಪವನ್ನೇ ಬದಲಿಸಿತು. ನಮ್ಮಲ್ಲಿ ಮೂವರು ಹುಡುಗರು ವಾಲಿಬಾಲ್ ತಂಡದಲ್ಲಿದ್ದರು. ಅವರ ಪ್ರಾಕ್ಟೀಸ್ ಐದೂವರೆಗೆ ಮುಗಿಯುವುದು. ಅಂದರೆ ಉಳಿದ ಹದಿನಾಲ್ಕು ಜನ ಐದೂವರೆವರೆಗೆ ಮೈದಾನದ ಬದಿಯಲ್ಲಿ ಕೂರಬೇಕು. ಎಷ್ಟು ದಿನ ಕೂರುವುದು? ನಾವು ಹುಡುಗಿಯರು ಪಕ್ಕದಲ್ಲೇ ಗೆರೆ ಎಳೆದು ಕೊಕ್ಕೊ ಶುರು ಮಾಡಿದೆವು. ಕೆರೆ ಕಡೆಯವರೂ ಉಳಿದರು. ನಮ್ಮ ಶಾಲೆಯಲ್ಲಿ ಅಲ್ಲಿಯವರೆಗೆ ಹುಡುಗಿಯರ ಕೊಕ್ಕೊ ತಂಡವೇ ಇರಲಿಲ್ಲ. ಅದು ಹುಟ್ಟಿದ್ದು ಕಾಯುವ ಬೇಸರದಿಂದ. ಹೋಬಳಿ ಮಟ್ಟದಲ್ಲಿ ಮೊದಲ ಸುತ್ತಿಗೇ ಸೋತೆವು ಎಂಬುದು ಬೇರೆ ವಿಷಯ.

ವಾರ್ಷಿಕೋತ್ಸವದ ನಾಟಕದ್ದೂ ಅದೇ ಕಥೆ. ಪಾತ್ರ ಇದ್ದದ್ದು ಇಬ್ಬರಿಗೆ. ಕಾದು ಕುಳಿತವರಿಗೆ ಎರಡನೇ ವಾರಕ್ಕೆ ಎಲ್ಲರ ಮಾತೂ ಬಾಯಿಪಾಠ. ಕಾರ್ಯಕ್ರಮದ ಹಿಂದಿನ ದಿನ ಒಬ್ಬಳಿಗೆ ಜ್ವರ ಬಂದಾಗ ಎಂಟನೇ ತರಗತಿಯ ಸಣ್ಣ ಹುಡುಗಿಯೊಬ್ಬಳು, ಯಾರೂ ಹೇಳಿಕೊಡದೆಯೇ, ಆ ಪಾತ್ರವನ್ನು ನಿಭಾಯಿಸಿಬಿಟ್ಟಳು. ಜನವರಿಯ ನಂತರ ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ವಿಶೇಷ ತರಗತಿ. ಎಂಟು, ಒಂಬತ್ತರವರು ಹಿಂದಿನ ಬೆಂಚಿನಲ್ಲಿ ಹೋಂವರ್ಕ್ ಮಾಡುತ್ತ ಕೂರುತ್ತಿದ್ದರು. ಪೈಥಾಗೊರಸ್ ಪ್ರಮೇಯದ ಸಾಧನೆಯನ್ನು ನಾನು ಮೊದಲು ಕೇಳಿದ್ದು ಹಾಗೆ, ನನ್ನ ಪಾಲಿನದಲ್ಲದ ಪಾಠದಲ್ಲಿ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದಾಗ ಹಾಲು ಹಂಚುವ ಸರದಿಯನ್ನೂ ದಾರಿ ಗುಂಪಿಗೇ ಕೊಟ್ಟರು. ತಲಾ 150 ಎಂ.ಎಲ್. ಹಾಲಿನ ಪುಡಿಯ ವಾಸನೆ ಆಗದವರು ಯಾರು, ಅವರ ಲೋಟ ಯಾರ ಕಡೆ ಹೋಗುತ್ತದೆ ಎಂಬುದು ಅಡುಗೆಯ ಅಕ್ಕಂದಿರಿಗಿಂತ ನಮಗೇ ಚೆನ್ನಾಗಿ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ನೋಟ್‌ಬುಕ್ಕಿಗೆ ಬೇರೆ ಕೆಲಸ. ನಮ್ಮ ಕಡೆ ಅದು ಅಡಿಕೆ ಸುಗ್ಗಿ. ಡಬ್ಬದ ಲೆಕ್ಕದಲ್ಲಿ ಸುಲಿಯುವ ಕೂಲಿ, ಎಷ್ಟು ಡಬ್ಬವೋ ಅಷ್ಟು ದುಡ್ಡು. ಒಂಬತ್ತನೇ ತರಗತಿಯಲ್ಲಿ ನನ್ನ ಸಹಪಾಠಿ ಹುಡುಗನೊಬ್ಬ ಹೀಗೇ ಬರುವುದನ್ನು ನಿಲ್ಲಿಸಿದ. ನಾಲ್ಕು ದಿನ ಸತತ ಗೈರಾದರೆ ಗುಂಪಿನವರು ಮನೆಗೆ ಹೋಗಬೇಕು ಎಂದು ನಾವೇ ಮಾಡಿಕೊಂಡಿದ್ದ ರೂಢಿ. ಹೋದೆವು. ಅವನ ತಾಯಿ ಸಿಟ್ಟಾಗಲಿಲ್ಲ. ‘ಸಂಘದ ಕಂತು ಕಟ್ಟಬೇಕು ಮಗ, ನೀವೇ ಹೇಳಿ’ ಎಂದರು. ಹೇಳಲು ನಮ್ಮಲ್ಲಿ ಏನಿತ್ತು? ನಮ್ಮ ಮುಖ್ಯಸ್ಥೆಯಾಗಿದ್ದ ಅಕ್ಕ ಮೆಟ್ಟುಗತ್ತಿ ಎಳೆದುಕೊಂಡು ಸುಲಿಯಲು ಕೂತಳು. ಅವಳನ್ನು ನೋಡಿ ನಾವೂ ಕೂತೆವು. ಹಾಗೆ ಒಂದು ವಾರ ಸಂಜೆ ಹೊತ್ತು ಅವರ ಚಪ್ಪರದಲ್ಲಿ ಅಡಿಕೆ ಸುಲಿದೆವು. ಅವನು ಶಾಲೆಗೆ ವಾಪಸು ಬಂದ. ಈಗ ಅವನ ಹತ್ತಿರ ಅಡಿಕೆ ಸುಲಿಯುವ ಯಂತ್ರವಿದೆ, ಸುಗ್ಗಿಯಲ್ಲಿ ಊರೂರಿಗೆ ಒಯ್ಯುತ್ತಾನೆ. ನಮ್ಮ ಬ್ಯಾಚಿನಲ್ಲಿ ಕೈತುಂಬ ದುಡಿಯುತ್ತಿರುವವನು ಅವನೇ.

ಎಲ್ಲ ಮನೆಯ ಚಪ್ಪರದಲ್ಲೂ ಹೀಗಾಗಲಿಲ್ಲ. ಅದೇ ವರ್ಷ ಒಬ್ಬ ಹುಡುಗಿಯ ಮನೆಗೆ ಮೂರು ಸಲ ಹೋದೆವು. ಮೂರನೇ ಸಲ ಹೋದಾಗ ಅವಳು ಅಲ್ಲಿರಲಿಲ್ಲ, ಯಾವುದೋ ಊರಿನ ನೆಂಟರ ಮನೆಗೆ ಕಳಿಸಿದ್ದರು. ಸರ್ ಕೂಡ ಹೋಗಿ ಬಂದರು. ಮಾರ್ಚ್‌ವರೆಗೂ ಅವಳ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಲೇ ಹೋದೆವು. ಹೆಸರು ಹೊಡೆದುಹಾಕಲು ಯಾರಿಗೂ ಮನಸ್ಸಾಗಲಿಲ್ಲ. ನೋಟ್‌ಬುಕ್ಕಿನಿಂದ ಆಗುವುದು ಇಷ್ಟು, ಆಗದ್ದು ಇಷ್ಟು ಎಂದು ಆ ಪುಟಗಳೇ ಹೇಳುತ್ತವೆ.

ಅದೇ ನೋಟ್‌ಬುಕ್ಕು ಇನ್ನೊಂದು ಕಡೆ ಕೆಲಸಕ್ಕೆ ಬಂತು. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುವುದು ನಿಮಗೆ ಗೊತ್ತಿರಬಹುದು. ಅಲ್ಲಿ ಮಕ್ಕಳೇ ತಮ್ಮ ಬೇಡಿಕೆ ಮುಂದಿಡಬೇಕು. ಬಹಳ ಕಡೆ ಅದು ಭಾಷಣ, ಬಿಸ್ಕತ್ತು, ಫೋಟೊದಲ್ಲಿ ಮುಗಿಯುತ್ತದೆ. ಮೊದಲ ವರ್ಷ ನಮ್ಮದೂ ಹಾಗೇ ಆಯಿತು. ಸಂಕ ಬೇಕು ಎಂದೆವು, ಅನುದಾನ ಬಂದಾಗ ನೋಡೋಣ ಎಂದರು, ಚಪ್ಪಾಳೆ ಬಿತ್ತು. ನಾವು ಹತ್ತನೆಯಲ್ಲಿದ್ದಾಗ ಮುಖ್ಯಸ್ಥೆಯ ಕೆಲಸ ನನಗೆ ಬಂದಿತ್ತು. ಆ ಸಲ ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋದೆ. ನೀರು ಗೆರೆ ಮುಟ್ಟಿದ ದಿನಾಂಕಗಳೆಲ್ಲ ಅದರಲ್ಲಿದ್ದವು. ಮೂರು ಮಳೆಗಾಲಕ್ಕೆ 31 ದಿನ. ಎಷ್ಟು ಮಕ್ಕಳು, ಯಾವ ಹೊತ್ತಿಗೆ, ಎಷ್ಟು ಗಂಟೆ ಜಗಲಿಯಲ್ಲಿ ಕಾದರು ಎಲ್ಲವೂ. ಓದುತ್ತ ಹೋದಂತೆ ಸಭೆಯಲ್ಲಿ ಗದ್ದಲ ನಿಂತಿತು. ಪಿಡಿಒ ಪುಸ್ತಕ ಇಸಿದುಕೊಂಡು ಪುಟ ತಿರುವಿ, ‘ಇದರ ಜೆರಾಕ್ಸ್ ಕೊಡಿ’ ಎಂದರು. ಬೇಡಿಕೆ ಇಟ್ಟವರಿಗೆ ಅನುದಾನದ ಮಾತು ಸಿಕ್ಕಿತ್ತು, ಲೆಕ್ಕ ಇಟ್ಟವರನ್ನು ಜೆರಾಕ್ಸ್ ಕೇಳಿದರು. ಸಿಮೆಂಟಿನ ಸಂಕ ಆಗಲು ಮತ್ತೂ ಒಂದೂವರೆ ವರ್ಷ ಬೇಕಾಯಿತು. ಅಷ್ಟರಲ್ಲಿ ನಾನು ಪಿಯುಸಿಗೆ ತೀರ್ಥಹಳ್ಳಿಯ ಹಾಸ್ಟೆಲ್ ಸೇರಿದ್ದೆ.

ಬಿ.ಕಾಂ. ಮುಗಿಸಿದ ಮೇಲೆ ಶಿವಮೊಗ್ಗದ ಒಂದು ಕಂಪನಿಯ ಸಂದರ್ಶನದಲ್ಲಿ ‘ಟೀಮ್ ವರ್ಕ್ ಮಾಡಿದ ಅನುಭವ ಇದೆಯಾ’ ಎಂದು ಕೇಳಿದರು. ಈ ಕಥೆಯನ್ನೇ ಚಿಕ್ಕದಾಗಿ ಹೇಳಿದೆ. ಎದುರಿಗಿದ್ದವರು ಸೌಜನ್ಯದಿಂದಲೇ ಕೇಳಿಸಿಕೊಂಡು, ‘ಇದಕ್ಕೆ ಸರ್ಟಿಫಿಕೇಟ್ ಏನಾದರೂ?’ ಎಂದರು. ಪ್ರತಿಭಾ ಕಾರಂಜಿಯ ಕೋಲಾಟಕ್ಕೆ ಸಿಕ್ಕಿದ್ದ ಪ್ರಮಾಣಪತ್ರ ಫೈಲಿನಲ್ಲಿತ್ತು, ಅದನ್ನು ತೋರಿಸಿದೆ. ಅವರಿಗೆ ಸಮಾಧಾನವಾಯಿತು. ಆ ಕೋಲಾಟದ ಒಂದು ಹೆಜ್ಜೆಯೂ ನನಗೆ ಈಗ ನೆನಪಿಲ್ಲ. ಬಯೋಡೇಟಾದಲ್ಲಿ ಪಠ್ಯೇತರ ಚಟುವಟಿಕೆ ಎಂಬ ಕಾಲಂ ತುಂಬುವಾಗ ನಿಮಗೂ ಇಂಥದೊಂದು ತಾಪತ್ರಯ ಆಗಿರಬಹುದು. ಆ ಕೆಲಸ ನನಗೆ ಸಿಗಲಿಲ್ಲ. ಆದರೆ ಈಗ ಪಾರ್ಟ್‌ಟೈಮ್ ಮಾಡುವ ಅಂಗಡಿಯ ಲೆಕ್ಕಪತ್ರದಲ್ಲಿ, ಯಾರಾದರೂ ‘ಸುಮಾರು ಸಲ ಹೀಗಾಗಿದೆ’ ಎಂದರೆ ನನ್ನ ಕೈ ತಾನಾಗಿ ದಿನಾಂಕ ಹುಡುಕುತ್ತದೆ.

ಕಳೆದ ಜೂನ್‌ನಲ್ಲಿ ಹೈಸ್ಕೂಲಿಗೆ ಮತ್ತೆ ಹೋಗಬೇಕಾಯಿತು. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರಿಗೆ ಗೊತ್ತು, ಗ್ರಾಮೀಣ ಮೀಸಲಾತಿಗೆ ಮತ್ತು ಕನ್ನಡ ಮಾಧ್ಯಮಕ್ಕೆ ಬೇರೆ ಬೇರೆ ಪ್ರಮಾಣಪತ್ರ, ಎರಡಕ್ಕೂ ಮುಖ್ಯೋಪಾಧ್ಯಾಯರ ಸಹಿ, ಮೇಲೆ ಬಿಇಒ ಕಚೇರಿಯ ಮೇಲುಸಹಿ. ಸಹಿಗೆ ಕಾಯುತ್ತ ಕೂತಾಗ ಸಂಜೆಯ ಗಂಟೆ ಹೊಡೆಯಿತು. ಜನಗಣಮನ ಮುಗಿದದ್ದೇ ಮಕ್ಕಳು ಚೆಲ್ಲಾಪಿಲ್ಲಿಯಾಗಿ ಹೊರಟರು. ದಾರಿಯ ಸಾಲು ಇರಲಿಲ್ಲ.

ನಮ್ಮ ಪಿ.ಟಿ. ಸರ್ ವರ್ಗವಾಗಿ ಎಷ್ಟೋ ವರ್ಷ ಆಗಿದೆ. ಈಗಿರುವ ಸರ್ ಹೇಳಿದರು: ಸಂಕ ಆದ ಮೇಲೆ ಎರಡು ವರ್ಷ ಗುಂಪು ನಡೆಯಿತು, ಆಮೇಲೆ ತಾನಾಗಿ ನಿಂತಿತು. ಸಂಕಕ್ಕೆ ಕಬ್ಬಿಣದ ಕಂಬಿ ಇದೆ, ಯಾರು ಯಾವಾಗ ಬೇಕಾದರೂ ದಾಟಬಹುದು, ಯಾರನ್ನೂ ಕಾಯಬೇಕಿಲ್ಲ. ನಾವು ಜೆರಾಕ್ಸ್ ಮಾಡಿಸಿ ಕೇಳಿ ಪಡೆದದ್ದು ಇದನ್ನೇ. ಬೇಡವಾಗಿತ್ತು ಎನ್ನಲು ನನಗಂತೂ ಬಾಯಿ ಬಾರದು. ಹಳ್ಳದಾಚೆಯ ಮಕ್ಕಳು ಅರ್ಧಕ್ಕರ್ಧ ಈಗ ವ್ಯಾನ್‌ನಲ್ಲಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾರೆ. ಹುಡುಗಿಯರ ಕೊಕ್ಕೊ ತಂಡವೂ ಇಲ್ಲ. ಹಳೆಯ ನೋಟ್‌ಬುಕ್ಕುಗಳು ಮಾತ್ರ ಕ್ರೀಡಾ ಸಾಮಗ್ರಿಯ ಕಪಾಟಿನಲ್ಲಿ, ಗಾಳಿ ಹೋದ ಚೆಂಡುಗಳ ಕೆಳಗಿದ್ದವು. ಸರ್ ಅವನ್ನು ತೆಗೆದು ಮೇಜಿನ ಮೇಲಿಟ್ಟು, ಯಾವ ಕಾಲಂನಲ್ಲಿ ಏನು ಬರೆಯುತ್ತಿದ್ದಿರಿ ಎಂದು ಒಂದೊಂದಾಗಿ ಕೇಳಿದರು. ಅಡಿಕೆ ಸುಗ್ಗಿಯ ಪುಟಗಳ ಬಗ್ಗೆ ಹೆಚ್ಚು ಕೇಳಿದರು.

ಆಗಸ್ಟ್‌ನಲ್ಲಿ ಅವರ ಫೋನ್ ಬಂತು. ಈಗ ಹೆಚ್ಚಿನ ಮಕ್ಕಳು ಬರುವುದು ಬಸ್ಸಿಗೆ. ಹಾಗಾಗಿ ಗುಂಪನ್ನು ಬಸ್ ಸ್ಟಾಪಿನ ಪ್ರಕಾರ ಮಾಡಿದ್ದಾರಂತೆ. ಸದ್ಯಕ್ಕೆ ಎರಡು ಸ್ಟಾಪು, ಹತ್ತೊಂಬತ್ತು ಮಕ್ಕಳು, ಒಂದು ಹೊಸ ನೋಟ್‌ಬುಕ್ಕು. ಸಂಜೆಯ ಬಸ್ಸು ಐದೂ ಕಾಲಿಗೆ, ಶಾಲೆ ಬಿಡುವುದು ನಾಲ್ಕೂವರೆಗೆ. ನಡುವಿನ ಮುಕ್ಕಾಲು ಗಂಟೆ ಮೈದಾನದಲ್ಲಿ ಕೊಕ್ಕೊ ಕಂಬ ಮತ್ತೆ ನೆಡಬಹುದೇ, ಹಳೆಯ ಕಂಬಗಳ ಗುಂಡಿ ಎಲ್ಲಿದ್ದವು ಎಂದು ಕೇಳಿದರು. ಬಾವಿಕಟ್ಟೆಯಿಂದ ಹತ್ತು ಹೆಜ್ಜೆ, ನೇರಳೆ ಮರದ ಕಡೆಗೆ ಎಂದು ಹೇಳಿದೆ.