ಸಂಡೂರಿನ ಮೂರು ಲೋಟ ನೀರು

ಮೂರು ಗಾಜಿನ ಲೋಟ, ಮೂರು ಹೆಂಟೆ ಮಣ್ಣು. ಸಂಡೂರಿನ ಕಣಿವೆಯಲ್ಲಿ, ತಾರಾನಗರದ ಕಡೆಯ ಒಂದು ಊರಲ್ಲಿ, ರೈತ ಅಜ್ಜನೊಬ್ಬನ ಮನೆಯ ಕಟ್ಟೆಯ ಮೇಲೆ ಕೂತು ನಾನು ನೋಡಿದ್ದು ಇಷ್ಟೇ. ಹಂಪಿಯ ಕಲ್ಲಿನ ರಥ ನೋಡಿದಾಗಲೂ ಇಷ್ಟು ಬೆರಗಾಗಿರಲಿಲ್ಲ ಅಂದರೆ ನೀವು ನಗಬಹುದು. ನಗಿ. ಆಮೇಲೆ ನಿಮ್ಮ ಮನೆಯ ಲೋಟ ತಗೊಂಡು ನೀವೇ ಮಾಡಿ ನೋಡಿ.

ಮೊದಲ ಹೆಂಟೆ ಕುಮಾರಸ್ವಾಮಿ ಗುಡಿಗೆ ಹೋಗುವ ಕಾಡುದಾರಿಯ ಅಂಚಿನದು, ಮರದ ಬುಡದ್ದು. ಎರಡನೆಯದು ಅಜ್ಜನದೇ ಮೆಕ್ಕೆಜೋಳದ ಹೊಲದ್ದು. ಮೂರನೆಯದು ಅದಿರು ಲಾರಿ ಓಡಾಡುವ ದಾರಿಯ ಪಕ್ಕ, ಗಣಿತ್ಯಾಜ್ಯದ ಹಳೇ ಡಂಪಿನಿಂದ ಜಾರಿ ಬಂದು ಗಟ್ಟಿಯಾದ ಕೆಂಪು ಹೆಕ್ಕಳ. ಮೂರನ್ನೂ ಬಿಸಿಲಿಗೆ ಒಣಗಿಸಿ, ಅಜ್ಜನ ಸೊಸೆ ತಂದಿಟ್ಟ ನೀರಿನ ಲೋಟಗಳಲ್ಲಿ ಮೆಲ್ಲಗೆ ಬಿಟ್ಟೆ.

ಡಂಪಿನ ಮಣ್ಣು ನೀರು ಮುಟ್ಟಿದ್ದೇ ತಡ, ಸಕ್ಕರೆ ಅಚ್ಚಿನ ಹಾಗೆ ಕುಸಿಯಿತು. ಲೋಟವೆಲ್ಲ ಕುಂಕುಮ. ಹೊಲದ ಹೆಂಟೆ ಸ್ವಲ್ಪ ಹೊತ್ತು ಬಿಗುಮಾನ ತೋರಿಸಿತು, ಒಂದು ಮಗ್ಗುಲು ಬಿರಿಯಿತು, ಮೂರು ನಿಮಿಷದೊಳಗೆ ಅದೂ ರಾಡಿ. ಕಾಡಿನ ಹೆಂಟೆ? ಅದು ಗುಳುಗುಳು ಅಂತ ನಾಲ್ಕು ಗುಳ್ಳೆ ಬಿಟ್ಟು, ಹಾಗೇ ಕೂತಿತು. ಹತ್ತು ನಿಮಿಷ. ಅರ್ಧ ಗಂಟೆ. ಮೇಲಿನ ನೀರು ಕುಡಿಯುವಷ್ಟು ತಿಳಿ!

"ಅಲಲಾ, ನಂದ್ ಕರಗೇ ಬಿಡ್ತಲ್ಲೋ ತಮ್ಮಾ" ಅಂದ ಅಜ್ಜ. ಅವನ ಮುಖ ನೋಡೋಕಾಗಲಿಲ್ಲ.

ಗುಟ್ಟು ಏನು ಅಂದರೆ, ಒಣ ಹೆಂಟೆಯ ಸಂದುಗೊಂದುಗಳಲ್ಲಿ ಗಾಳಿ ತುಂಬಿರುತ್ತದೆ. ನೀರು ಒಳನುಗ್ಗಿದಾಗ ಆ ಗಾಳಿ ಹಿಂಡಿಕೊಂಡು ಒಳಗಿಂದಲೇ ಸಿಡಿಯುತ್ತದೆ. ಆ ಏಟು ತಡೆಯಬೇಕಾದರೆ ಕಣಕಣವನ್ನೂ ಕಟ್ಟಿ ಹಿಡಿದವರು ಬೇಕು. ಕಾಡಿನ ಮಣ್ಣಿನಲ್ಲಿ ಅವರಿದ್ದಾರೆ: ಕೂದಲಿಗಿಂತ ತೆಳ್ಳಗಿನ ಶಿಲೀಂಧ್ರದ ಎಳೆಗಳು, ಬೇರು ಸೋರಿಸುವ ಅಂಟು, ಎರೆಹುಳದ ಹಿಕ್ಕೆ, ಒಂದು ಚಮಚೆಯಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಮಣ್ಣು ಅಂದರೆ ಪುಡಿಯಾದ ಕಲ್ಲು ಅಂದುಕೊಂಡಿದ್ದೆ. ಅಲ್ಲ ಸ್ವಾಮಿ, ಜೀವಿಗಳು ಹೆಣೆದ ಕೌದಿ ಅದು.

ಇನ್ನೊಂದು ಕೇಳಿ. ಮೊದಲ ಮಳೆಯ ಆ ಘಮ, ಅದಕ್ಕೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಮಾಡುವ ಜಿಯೋಸ್ಮಿನ್. ಲಕ್ಷ ಕೋಟಿ ಭಾಗ ನೀರಿನಲ್ಲಿ ಅದರ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಆದರೆ ಆ ಘಮ ನಮಗಾಗಿ ಅಲ್ಲವಂತೆ! ಸ್ಪ್ರಿಂಗ್‌ಟೇಲ್ ಎಂಬ ಎಳ್ಳಿಗಿಂತ ಚಿಕ್ಕ ಜಿಗಿಹುಳುವನ್ನು ಕರೆಯಲಿಕ್ಕೆ, ಅದರ ಮೈಗೆ ತನ್ನ ಬೀಜಕಣ ಅಂಟಿಸಿ ಬೇರೆ ಕಡೆಗೆ ಕಳಿಸಲಿಕ್ಕೆ ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ನಮ್ಮ ಕವಿಗಳೆಲ್ಲ ಇಷ್ಟು ದಿನ ಪರರ ಪ್ರೇಮಪತ್ರ ಓದಿ ಪುಳಕಗೊಂಡಿದ್ದಾರೆ.

ಸಂಡೂರಿನಲ್ಲಿ ಈ ಬೆರಗು ಇಮ್ಮಡಿ. ಇಲ್ಲಿನ ಬೆಟ್ಟದ ಕಲ್ಲು ಒಡೆದರೆ ಕೆಂಪು, ಬೂದು, ಮತ್ತೆ ಕೆಂಪು ಹೀಗೆ ಪಟ್ಟೆಪಟ್ಟೆ, ಇಳಕಲ್ ಸೀರೆಯ ಅಂಚಿನ ಹಾಗೆ. ಸುಮಾರು 270 ಕೋಟಿ ವರ್ಷದ ಹಿಂದೆ ಈ ಕಬ್ಬಿಣ ಕಡಲ ನೀರಿನಲ್ಲಿ ಕರಗಿತ್ತು. ಅದು ತುಕ್ಕಾಗಿ ತಳಕ್ಕಿಳಿಯುವುದರಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿತ್ತು ಎಂಬುದು ಭೂವಿಜ್ಞಾನಿಗಳ ಬಲವಾದ ತರ್ಕ. ಅಂಥ ಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಕುರುಹುಗಳೂ ಸಂಡೂರಿನ ಶಿಲಾಪಟ್ಟಿಯಲ್ಲಿ ಸಿಕ್ಕಿವೆ. ಆ ತರ್ಕ ಒಪ್ಪಿದರೆ ಅದಿರೂ ಜೀವಿಗಳ ಕೈಕೆಲಸ, ಅದರ ಮೇಲಿನ ಮಣ್ಣೂ ಜೀವಿಗಳ ಕೈಕೆಲಸ. ಒಂದನ್ನು ನಾವು ಟನ್ ಲೆಕ್ಕದಲ್ಲಿ ತೂಗಿ ಮಾರುತ್ತೇವೆ. ಇನ್ನೊಂದಕ್ಕೆ ಗಣಿಯ ಭಾಷೆಯಲ್ಲಿ ಏನನ್ನುತ್ತಾರೆ ಗೊತ್ತೆ? ಅದಿರಿನ ಮೇಲಿರುವುದೆಲ್ಲ 'ಓವರ್‌ಬರ್ಡನ್'. ಮೇಲಿನ ಹೊರೆ! ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಗಣಿ ಮುಚ್ಚುವಾಗ ಹರಡಬೇಕೆಂಬ ನಿಯಮ ಕಾಗದದಲ್ಲಿ ಚೆನ್ನಾಗಿಯೇ ಇದೆ. ಆದರೆ ವರ್ಷಗಟ್ಟಲೆ ಗುಡ್ಡೆ ಹಾಕಿಟ್ಟರೆ ಒಳಗಿನ ಎಳೆ, ಬೀಜ, ಹುಳ ಬಹುಪಾಲು ಉಸಿರುಗಟ್ಟಿ ಸಾಯುತ್ತವೆ. ಉಳಿಯುವುದು ಮೂರನೆಯ ಲೋಟ.

ಅಜ್ಜನ ಮನೆಯ ಸುಣ್ಣದ ಗೋಡೆ ನೋಡಿ. ನೆಲದಿಂದ ಮೊಣಕಾಲೆತ್ತರದವರೆಗೆ ಕೆಂಪು ಚುಕ್ಕಿ, ಯಾರೋ ಕುಂಚ ಕೊಡವಿದ ಹಾಗೆ. ನಾನು ಕೊಳೆ ಅಂದುಕೊಂಡಿದ್ದೆ. ಅದು ದಾಖಲೆ! ದಪ್ಪ ಮಳೆಹನಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಬರಿ ನೆಲಕ್ಕೆ ಬಡಿದಾಗ ಮಣ್ಣು ಎಷ್ಟು ಎತ್ತರ ಚಿಮ್ಮುತ್ತದೆ ಎಂಬುದನ್ನು ಗೋಡೆಯೇ ಬರೆದಿಟ್ಟುಕೊಂಡಿದೆ. ಮನೆಯ ಮುಂದೆ ಗೋಡೆಯಿದೆ, ಕಾಣುತ್ತದೆ. ಹೊಲದಲ್ಲಿ ಗೋಡೆಯಿಲ್ಲ. ಚಿಮ್ಮಿದ ನುಣುಪು ಕಣ ಮಣ್ಣಿನ ರಂಧ್ರ ಮುಚ್ಚುತ್ತದೆ, ನೀರು ಇಂಗದೆ ಮೇಲೆಯೇ ಹರಿಯುತ್ತದೆ, ಹರಿಯುತ್ತ ಕೊರಕಲು ಕೊರೆಯುತ್ತದೆ, ಸಂಡೂರಿನ ನಾರಿಹಳ್ಳ ಕೆಂಪಾಗುತ್ತದೆ. ಒಂದು ಎಕರೆಯಿಂದ ಬರೇ ಒಂದು ಮಿಲಿಮೀಟರ್ ಹೋದರೂ ಐದು ಟನ್ ಮಣ್ಣು ಹೋದ ಹಾಗೆ. ಕಣ್ಣಿಗೆ ಕಾಣದು. ಒಂದು ಸೆಂಟಿಮೀಟರ್ ಮತ್ತೆ ಹುಟ್ಟಲು ನೂರಾರು ವರ್ಷ.

ಹೋದ ಮಣ್ಣು ಎಲ್ಲಿ ಸೇರುತ್ತದೆ ಎಂಬುದಕ್ಕೆ ಪಕ್ಕದ ಹೊಸಪೇಟೆಯೇ ಸಾಕ್ಷಿ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಮಿಕ್ಕಿದ್ದು ಹೂಳು. (ಅದಕ್ಕೆ ಸಂಡೂರನ್ನು ಬೈಯಬೇಡಿ. ಆ ಹೂಳು ಬಹುಪಾಲು ಮೇಲ್ದಂಡೆಯ ಹೊಲ, ಗುಡ್ಡಗಳದ್ದು. ನಾರಿಹಳ್ಳ ಹರಿಯುವುದು ದರೋಜಿ ಕೆರೆಯತ್ತ.)

ಮಣ್ಣು ಹಿಡಿಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯ ಹಗರಿಯಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನೆ ನಡೆದಿತ್ತು. ಮಣ್ಣು-ನೀರು ಸಂರಕ್ಷಣೆಗೆಂದೇ 1954ರಿಂದ ಬಳ್ಳಾರಿಯಲ್ಲಿ ಕೇಂದ್ರವಿದೆ. ಗಣಿಗಳ ಮಾತಿಗೆ ಬಂದರೆ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಒಂದೊಂದೇ ಗಣಿಗೆ ಪುನಶ್ಚೇತನ ಯೋಜನೆ ಹಾಕಿಸಿದ ಮೇಲಷ್ಟೇ ಬಾಗಿಲು ತೆರೆಯಿತು. ಆ ಯೋಜನೆಗಳಲ್ಲಿ ಏನೇನು? ಡಂಪಿನ ಬುಡಕ್ಕೆ ಕಲ್ಲಿನ ಗೋಡೆ, ಸುತ್ತ ಮಾಲೆಯ ಹಾಗೆ ಚರಂಡಿ, ಹಳ್ಳಕ್ಕೆ ಚೆಕ್‌ಡ್ಯಾಮ್, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು. ಆ ಚಾಪೆ ನನಗೆ ತುಂಬ ಹಿಡಿಸಿತು. ನಾರು ಕೊಳೆಯುವಷ್ಟರಲ್ಲಿ ಬೇರು ಆ ಕೆಲಸ ಕೈಗೆತ್ತಿಕೊಂಡಿರಬೇಕು. ಗೆದ್ದರೆ ಬೇರು ಗೆಲ್ಲಬೇಕು, ಕಾಂಕ್ರೀಟ್ ಅಲ್ಲ.

ಹೊಲಕ್ಕೆ? ಇಳಿಜಾರಿಗೆ ಅಡ್ಡ ಬದು, ಅಡ್ಡ ಬಿತ್ತನೆ. ಮೆಕ್ಕೆಜೋಳದ ದಂಟಿಗೆ ಬೆಂಕಿ ಇಡದೆ ನೆಲಕ್ಕೇ ಹೊದಿಸುವುದು, ನಡುವೆ ತೊಗರಿಯೋ ಹುರುಳಿಯೋ, ಬೇಸಿಗೆಯಲ್ಲಿ ಕೆರೆಯ ಗೋಡು. ಮತ್ತೆ ಕುರಿ. "ಮೊದಲೆಲ್ಲ ವರ್ಷಾ ವರ್ಷಾ ಕುರಿ ನಿಲ್ಲಿಸ್ತಿದ್ವಿ ಹೊಲದಾಗ. ಕುರಿಯೋರಿಗೆ ಜ್ವಾಳ ಕೊಟ್ಟು ಕರಸ್ತಿದ್ವಿ" ಅಂದ ಅಜ್ಜ, ತನ್ನ ಲೋಟವನ್ನೇ ನೋಡುತ್ತ. "ಈಗ ಯೂರಿಯಾ ಚೀಲ ಒಂದ."

ನಾನು ಮಣ್ಣು ತಂದಿದ್ದ ಡಬ್ಬಿಯಲ್ಲಿ ಕಾಡಿನ ಒಂದು ಹಿಡಿ ಮಣ್ಣು, ತರಗೆಲೆ ಉಳಿದಿತ್ತು, ಇನ್ನೂ ಹಸಿ. ತಟ್ಟೆಗೆ ಸುರಿದು ನೀರು ಚಿಮುಕಿಸಿದೆ. ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ ಮೊಮ್ಮಗಳು ಮುಖ ತಟ್ಟೆಗೇ ತಾಗಿಸಿದಳು.

"ತಾತಾ, ಧೂಳು ಜಿಗ್ಯಾಕ ಹತ್ತೈತಿ!"

ಬೂದು ಬಣ್ಣದ ಚುಕ್ಕಿಗಳು, ನೀರಿನ ಮೇಲೆ, ಟಪ್ ಟಪ್. ಸ್ಪ್ರಿಂಗ್‌ಟೇಲ್! ಅಜ್ಜ ಕನ್ನಡಕ ಹುಡುಕಿ ತಂದ. ಆಮೇಲೆ ಅದೇ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ ನಡೆದು ಹೋಗಿ, ಹಿತ್ತಲ ಬದುವಿನ ಬೇವಿನ ಬುಡಕ್ಕೆ ಸುರಿದು ಬಂದ.