ಮಣ್ಣಿನಲ್ಲಿ ಹೂತರೆ ಕಾಲು ಬರುತ್ತದೆಯೇ?

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ. ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣ ಬಿಡುವ ಹೊತ್ತಿಗೆ ಅಂಗವೈಕಲ್ಯವೂ ಬಿಡುತ್ತದಂತೆ! ಟಿವಿಯಲ್ಲಿ ನಾಡೆಲ್ಲ ನೋಡಿತು.

ಗ್ರಹಣವೆಂದರೆ ಚಂದ್ರನ ನೆರಳು. ನೆರಳಿಗೆ ನರ ಸರಿಪಡಿಸುವ ವಿದ್ಯೆ ಯಾರು ಕಲಿಸಿದರೋ! ಎಳವೆಯಿಂದಲೇ ಕೈಕಾಲು ಬಿಗಿದುಕೊಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಸೆರೆಬ್ರಲ್ ಪಾಲ್ಸಿ. ಬಸಿರಿನಲ್ಲೋ, ಹೆರಿಗೆಯ ಹೊತ್ತಿನಲ್ಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಮಿದುಳಿಗೆ ಬಿದ್ದ ಪೆಟ್ಟು ಅದು. ಅಂಥ ಮಗುವನ್ನು ಡಿಸೆಂಬರಿನ ತಣ್ಣನೆ ಮಣ್ಣಿಗಿಳಿಸಿ ಹೆದರಿಸಿದರೆ ಸ್ನಾಯುಗಳ ಬಿಗಿತ ಹೆಚ್ಚೀತೇ ಹೊರತು ಸಡಿಲವಾಗದು. ತಮಾಷೆಯೆಂದರೆ, ನಿಲ್ಲಲಾಗದ ಮಗುವಿಗೆ ಆಸರೆ ಕೊಟ್ಟು ನಿಲ್ಲಿಸುವುದು ನಿಜವಾದ ಚಿಕಿತ್ಸೆಯಲ್ಲೂ ಉಂಟು. ಫಿಸಿಯೋಥೆರಪಿಯವರು ಮರದ ಚೌಕಟ್ಟಿನಲ್ಲಿ ಪಟ್ಟಿ ಕಟ್ಟಿ ನಿಲ್ಲಿಸುತ್ತಾರೆ, ದಿನವೂ, ವರ್ಷಗಟ್ಟಲೆ. ಅದಕ್ಕೆ ಪಂಚಾಂಗ ಬೇಡ, ಬಸ್ ಚಾರ್ಜು ಬೇಕು. ಕೂಲಿ ಬಿಟ್ಟು, ಮಗುವನ್ನು ಹೊತ್ತು ಜಿಲ್ಲಾಸ್ಪತ್ರೆಗೆ ಅಲೆಯಲಾಗದ ತಾಯಿಗೆ ಗುಂಡಿಯೇ ಹತ್ತಿರವಾಗುತ್ತದೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ಬರುವುದು "ಅಯ್ಯೋ, ಹಳ್ಳಿಯವರ ಮೌಢ್ಯ" ಎಂದು ಲೊಚಗುಟ್ಟಿದ ಪಟ್ಟಣದವರ ಮೇಲೆ. ಅದೇ ಬೆಳಿಗ್ಗೆ ಅವರ ನೀರಿನ ಕೊಡಕ್ಕೂ ಉಪ್ಪಿನಕಾಯಿ ಭರಣಿಗೂ ದರ್ಭೆ ಬಿದ್ದಿತ್ತು. ಬಸುರಿ ಸೊಸೆಯನ್ನು ಕಿಟಕಿ ಮುಚ್ಚಿ ಕೂರಿಸಿದ್ದರು, ಮಗುವಿಗೆ ಸೀಳುತುಟಿ ಬಂದೀತೆಂದು. (ತುಟಿ ಕೂಡಿಕೊಳ್ಳುವುದು ಬಸಿರಿನ ಮೊದಲೆರಡು ತಿಂಗಳಲ್ಲೇ ಮುಗಿದಿರುತ್ತದೆ. ಏಳನೇ ತಿಂಗಳಲ್ಲಿ ಕಿಟಕಿ ಮುಚ್ಚಿ ಏನುಪಯೋಗ?) ಟಿವಿ ಜ್ಯೋತಿಷಿಗಳು ರಾಶಿವಾರು ದೋಷ ಹಂಚುವುದನ್ನು ಇವರೇ ಕೂತು ನೋಡುತ್ತಾರೆ. ತಾಜಸುಲ್ತಾನಪುರದವರು ಆ ಮಾತನ್ನು ಪೂರ್ತಿಯಾಗಿ ನಂಬಿದರು, ಅಷ್ಟೇ ವ್ಯತ್ಯಾಸ.

ಅಂಗವೈಕಲ್ಯ ಪೂರ್ವಜನ್ಮದ ಪಾಪ ಎನ್ನುವವರು ಒಂದು ಪ್ರಶ್ನೆಗೆ ಉತ್ತರಿಸಲಿ. ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯದು. ಎರಡೆರಡು ಹನಿ ಹಾಕಿದ್ದಕ್ಕೆ ದೇಶದ ಪಾಪವೆಲ್ಲ ತೊಳೆದುಹೋಯಿತೇ? ಇನ್ನು, ಬುದ್ಧಿಮಾಂದ್ಯ ಮಗನಿಗೆ ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬುದು ಮತ್ತೊಂದು ಮನೆಯ ಹೆಣ್ಣುಮಗಳಿಗೆ ಮಾಡುವ ಮೋಸ.

ಮಗುವಿಗೆ 5 ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, 9 ತಿಂಗಳಾದರೂ ಕೂರದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ, ಚಿಕಿತ್ಸೆ ಉಚಿತ. "ಬೆಳೀತಾ ಸರಿಹೋಗ್ತದ ಬಿಡ್ರಿ" ಎನ್ನುವವರ ಮಾತು ಕೇಳಿ ಕಾಯಬೇಡಿ.